ಫ್ಯಾನ್ ಕಿರುಚಿದರೆ ನಾದ ಬರುವುದಿಲ್ಲ

ಪ್ರೊಸೆಸರಿಗೆ ಹಗುರವಾದ ಸಾಫ್ಟ್‌ವೇರ್ ಸಿಂಥ್‌ಗಳೆಲ್ಲ ಮಕ್ಕಳಾಟಿಕೆ, ಒಳ್ಳೆಯ ನಾದ ಬೇಕಿದ್ದರೆ ಹೊಸ ಕಂಪ್ಯೂಟರ್ ಕೊಳ್ಳಿ ಎಂದು ಕಳೆದ ಸಂಚಿಕೆಯ ಲೇಖಕರು ಅಪ್ಪಣೆ ಕೊಡಿಸಿದ್ದಾರೆ. ಬೇರೆಯವರ ದುಡ್ಡು ಖರ್ಚು ಮಾಡಿಸುವುದು ಎಷ್ಟು ಸಲೀಸು!

1983ರ ಯಮಹಾ ಡಿಎಕ್ಸ್7 ಸ್ವರಕ್ಕೆ ಆರು ಆಪರೇಟರ್‌ಗಳಂತೆ ಒಮ್ಮೆಗೇ 16 ಸ್ವರ ನುಡಿಸುತ್ತಿತ್ತು. ಅದನ್ನು ಆಟಿಕೆ ಎಂದವರುಂಟೇ? ಆ ಗಣಿತ ಇಂದಿನ ಸಾಧಾರಣ ಲ್ಯಾಪ್‌ಟಾಪಿಗೂ ಹೂವೆತ್ತಿದಷ್ಟು ಹಗುರ. ಉಚಿತವಾಗಿ ಸಿಗುವ ಡೆಕ್ಸ್ಡ್ ಎಂಬ ಸಾಫ್ಟ್‌ವೇರ್ ಸಿಂಥ್ ಮಾಡುವುದು ಅದನ್ನೇ. ಇಚಿರೊ ತೋಡಾ ಅವರ ಸಿಂಥ್1 ಕೂಡ ಉಚಿತ, ನಾರ್ಡ್ ಲೀಡ್ 2ರ ಮಾದರಿಯದು, ಹಳೆಯ ಯಂತ್ರದಲ್ಲೂ ಸರಾಗ.

ಆ ಲೇಖಕರು ಕೊಂಡಾಡಿದ ದಿವಾ ಸಿಂಥ್ ಭಾರವೇ, ಒಪ್ಪಿದೆ. ಅನಲಾಗ್ ಸರ್ಕ್ಯೂಟಿನ ವರ್ತನೆಯನ್ನು ಲೆಕ್ಕಹಾಕುವುದು ಸಣ್ಣ ಕೆಲಸವಲ್ಲ. (ಅದರ ಫಿಲ್ಟರ್ ನನಗೂ ಪ್ರಿಯ.) ಆದರೆ ತಯಾರಕರೇ ‘ಡ್ರಾಫ್ಟ್’ನಿಂದ ‘ಡಿವೈನ್’ವರೆಗೆ ದರ್ಜೆಗಳನ್ನಿಟ್ಟಿದ್ದಾರೆ: ನುಡಿಸುವಾಗ ಹಗುರದ್ದು, ಕೊನೆಗೆ ರೆಂಡರ್ ಮಾಡುವಾಗ ಭಾರದ್ದು. ಆ ಸೆಟ್ಟಿಂಗ್ ಲೇಖಕರ ಕಣ್ಣಿಗೆ ಬೀಳಲಿಲ್ಲವೇ?

ನಿಜವಾದ ಹೊರೆ ಎಷ್ಟೋ ಸಲ ಪ್ಯಾಚ್‌ನಲ್ಲಿರುತ್ತದೆ. ನಾಲ್ಕು ಸ್ವರದ ಕಾರ್ಡ್‌ಗೆ ಎಂಟರ ಯೂನಿಸನ್ ಹಾಕಿದರೆ 32 ಧ್ವನಿ. ರಿಲೀಸ್ ಉದ್ದವಿದ್ದರೆ ಹಿಂದಿನ ಕಾರ್ಡ್ ಆರುವ ಮೊದಲೇ ಇನ್ನೂ 32. 44,100 ಹರ್ಟ್ಸ್‌ನಲ್ಲಿ 256 ಸ್ಯಾಂಪಲ್ ಬಫರ್ ಎಂದರೆ ಸುಮಾರು 5.8 ಮಿಲಿಸೆಕೆಂಡ್, ಅಷ್ಟರೊಳಗೆ ಲೆಕ್ಕ ಮುಗಿಯದಿದ್ದರೆ ಸದ್ದು ಪಟಪಟ ಸಿಡಿಯುತ್ತದೆ. ಯೂನಿಸನ್ ಇಳಿಸಿ, ಬಫರ್ ಏರಿಸಿ, ಮುಗಿದ ಟ್ರ್ಯಾಕ್ ಫ್ರೀಜ್ ಮಾಡಿ. ಇದಕ್ಕೆ ಕಾಸೂ ಬೇಡ.

ಅಷ್ಟಾದರೂ ಸಿಡಿದರೆ ಆಗ ಅಂಗಡಿಗೆ ಹೋಗೋಣ, ಲೇಖಕರನ್ನೂ ಕರೆದುಕೊಂಡು.