ಎದೆ ಹೊಲಿಸಿಕೊಂಡು ಬಂದವನ ಮೂರು ತಿಂಗಳು

ಹೃದಯದ ದೊಡ್ಡ ಆಪರೇಶನ್ನು ಈಗ ಸಾಹುಕಾರರ ಸೊತ್ತಾಗಿ ಉಳಿದಿಲ್ಲ. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಯಶಸ್ವಿನಿ ಬಂತು. 2018ರಲ್ಲಿ ನಿಂತಿತು, 2022ರಲ್ಲಿ ಮತ್ತೆ ಘೋಷಣೆಯಾಯಿತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಇವು ಸಣ್ಣ ಸವಲತ್ತುಗಳೆಂದು ನಾವು ಹೇಳಲಾರೆವು. ಆದರೆ ಈ ಹಣ ಸಲ್ಲುವುದು ದವಾಖಾನೆಗೆ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಎದೆ ಹೊಲಿಸಿಕೊಂಡು ಬೆಟಗೇರಿಗೆ ಮರಳಿದ ನೇಕಾರನ ಒಲೆ ಮುಂದಿನ ಮೂರು ತಿಂಗಳು ಹೇಗೆ ಉರಿಯಬೇಕು?

ಬೈಪಾಸ್ ಮಾಡುವಾಗ ಎದೆಯ ನಡುವಿನ ಎಲುಬನ್ನು ಕೊಯ್ದು, ಆಮೇಲೆ ತಂತಿಯಿಂದ ಬಿಗಿಯುತ್ತಾರೆ. ಅದು ಗಟ್ಟಿಯಾಗಿ ಕೂಡಲು ಎಂಟರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡ ಎತ್ತಬಾರದು, ಜಗ್ಗಬಾರದು, ಕೆಮ್ಮು ಬಂದರೆ ದಿಂಬನ್ನು ಎದೆಗವಚಿಕೊಳ್ಳಬೇಕು. ರಕ್ತನಾಳ ತೆಗೆದ ಕಾಲು ಬಾತಿರುತ್ತದೆ. ಇಷ್ಟನ್ನು ದವಾಖಾನೆಯವರು ಹೇಳಿ ಕಳಿಸುತ್ತಾರೆ. ಮನಸ್ಸಿನ ಸಂಗತಿಯನ್ನು ಹೇಳುವವರು ಕಡಿಮೆ. ಕಾರಣವಿಲ್ಲದೆ ಕಣ್ಣೀರು ಬರುತ್ತದೆ, ರಾತ್ರಿ ನಿದ್ದೆಯಿಲ್ಲ, ಗಾಯ ಚುರ್ ಎಂದರೆ ಸಾವೇ ಬಂತೆಂಬ ದಿಗಿಲು. ಈ ಕುಗ್ಗುವಿಕೆ ಬಹಳ ರೋಗಿಗಳಲ್ಲಿ ಕಾಣುವಂಥದೇ. ಅದು ತಿಳಿಯದ ಮನೆಯವರು "ಗಂಡಸಾಗಿ ಅಳತೀಯಲ್ಲ" ಎಂದು ಗದರುತ್ತಾರೆ. ನೆರೆಯವರಲ್ಲಿ ಒಬ್ಬರು ನಡೆದಾಡು ಎಂದರೆ ಇನ್ನೊಬ್ಬರು ಹಾಸಿಗೆ ಬಿಡಬೇಡ ಎನ್ನುತ್ತಾರೆ. ನಡೆ ಎನ್ನುವವರ ಮಾತೇ ಸರಿ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ನಡೆಯುವುದು ಗುಳಿಗೆಯಷ್ಟೇ ದೊಡ್ಡ ಮದ್ದು.

ಆದರೆ ನಡೆಯುವುದು ಬೇರೆ, ಮಗ್ಗಕ್ಕೆ ಇಳಿಯುವುದು ಬೇರೆ. ಕುಣಿಮಗ್ಗದಲ್ಲಿ ಕಾಲು ತುಳಿಯುತ್ತಿರಬೇಕು, ಕೈ ಲಾಳಿಯ ಹಗ್ಗ ಜಗ್ಗುತ್ತಿರಬೇಕು, ಪ್ರತಿ ಎಳೆತವೂ ಎದೆಗೇ ಬರುತ್ತದೆ. ವಿದ್ಯುತ್ ಮಗ್ಗದವನು ನೂಲಿನ ಬೀಮು ಹೊರಬೇಕು. ಹೆಂಡತಿ ಕಂಡಿಕೆ ಸುತ್ತಿ ತಂದ ಕಾಸು ಸಾಲದಾದಾಗ ಆತ ಐದನೇ ವಾರಕ್ಕೇ ಮಗ್ಗಕ್ಕೆ ಇಳಿದರೆ ತಪ್ಪು ಯಾರದು? ಸಣ್ಣ ಅಂಗಡಿಕಾರನ ಪಾಡೂ ಇದೇ. ಬಾಗಿಲು ಮುಚ್ಚಿದರೆ ಗಿರಾಕಿ ಹೋಯಿತು, ಉದ್ರಿಯೂ ಮುಳುಗಿತು.

1948ರ ಕಾಯಿದೆಯಿಂದ ಬಂದ ಇ.ಎಸ್.ಐ. ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಕಾಯಿಲೆ ಬಿದ್ದ ವಿಮೆದಾರ ಕಾರ್ಮಿಕನಿಗೆ ವರ್ಷದಲ್ಲಿ 91 ದಿನಗಳವರೆಗೆ ಪಗಾರದ ನೂರಕ್ಕೆ 70 ಪಾಲು ಸಿಗುತ್ತದೆ. ಎಲುಬು ಕೂಡಲು ಬೇಕಾದ ಕಾಲಕ್ಕೆ ಹೆಚ್ಚುಕಡಿಮೆ ಸರಿಹೊಂದುವ ಲೆಕ್ಕವಿದು! ಆದರೆ ಸಾಮಾನ್ಯವಾಗಿ ಹತ್ತು ಮಂದಿ ದುಡಿಯುವಲ್ಲಿ ಮಾತ್ರ ಅದು ಅನ್ವಯ. ನಾಲ್ಕಾರು ಮಗ್ಗದ ಶೆಡ್ಡು, ಮನೆಮಗ್ಗ, ಕಿರಾಣಿ ಅಂಗಡಿ ಆ ಲೆಕ್ಕಕ್ಕೆ ಬಾರವು. ಹತ್ತು ಮಂದಿಯ ನಡುವೆ ದುಡಿದವನ ಎದೆಗೂ ಒಬ್ಬನೇ ದುಡಿದವನ ಎದೆಗೂ ಯಾವ ಭೇದ?

ಕೃತಕ ಲೋಹದ ಕವಾಟ ಹಾಕಿಸಿಕೊಂಡವರು ಜೀವವಿರುವವರೆಗೆ ರಕ್ತ ಹೆಪ್ಪುಗಟ್ಟದ ಗುಳಿಗೆ ನುಂಗಬೇಕು, ಅದರ ಅಳತೆಗಾಗಿ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಅದಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ ಬಂದರೆ ಒಂದು ದಿನದ ದುಡಿಮೆ, ಜೊತೆಗೆ ಬಸ್ಸಿನ ಖರ್ಚು.

ಗದಗಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿದೆ. ಹೃದಯದ ಆಪರೇಶನ್ ಆದವರಿಗೆಂದೇ ಅಲ್ಲಿ ವಾರಕ್ಕೊಂದು ದಿನ ಮೀಸಲಿರಲಿ. ಉಸಿರಾಟದ, ನಡಿಗೆಯ ವ್ಯಾಯಾಮ ಕಲಿಸಲಿ, ಆ ರಕ್ತ ಪರೀಕ್ಷೆ ಅಂದೇ ಆಗಲಿ, ಮನೆಯವರನ್ನೂ ಕೂಡಿಸಿಕೊಂಡು ಮಾತಾಡಲಿ. ಮೂರು ತಿಂಗಳ ಹೊಟ್ಟೆಪಾಡಿಗೆ ಇ.ಎಸ್.ಐ. ಮಾದರಿಯ ನಿಧಿಯನ್ನು ಸರಕಾರ, ಮಾಲಕರು, ಸಂಘಗಳು ಕೂಡಿ ಕಟ್ಟಬೇಕು. 1905ರಲ್ಲಿ ಸಹಕಾರಿ ಸಂಘ ಕಟ್ಟಿ ದೇಶಕ್ಕೆ ದಾರಿ ತೋರಿದ ಕಣಗಿನಹಾಳ ನಮ್ಮ ತಾಲೂಕಿನದೇ. ನೇಕಾರ ಸಂಘಗಳ ಸದಸ್ಯರು ಮುಂದಿನ ವಾರ್ಷಿಕ ಸಭೆಯಲ್ಲಿ ಈ ಠರಾವು ಮಂಡಿಸಬೇಕು, ಮತ್ತು ಅದರ ಪ್ರತಿಯನ್ನು ಜಿಲ್ಲಾಧಿಕಾರಿಗೆ ಕೈಯಾರೆ ಒಪ್ಪಿಸಬೇಕು.