ಕುಂಟುಗಾಲಿನ ದೇಶಾಟನೆ

‘ದೇಶ ಸುತ್ತು, ಕೋಶ ಓದು’ ಎಂದು ನಮ್ಮ ಹಿರಿಯರು ಶಿಕ್ಷಣಕ್ರಮವನ್ನೆಲ್ಲ ಎರಡೇ ಮಾತಿನಲ್ಲಿ ಹೇಳಿ ಮುಗಿಸಿದರು. ಓದುವುದಕ್ಕೆ ಕಣ್ಣು ಬೇಕು, ಸುತ್ತುವುದಕ್ಕೆ ಕಾಲು ಬೇಕು ಎಂಬುದನ್ನು ಅವರು ಬೇರೆಯಾಗಿ ಹೇಳಲಿಲ್ಲ. ಹೇಳಬೇಕೆಂದು ಅವರಿಗೆ ತೋರಿರಲಾರದು. ದೇಶ ಸುತ್ತಿ ಬಂದವರು ಬರೆದ ಪುಸ್ತಕಗಳಲ್ಲಿಯೂ ಇದೇ ಮೌನ. ಕನ್ನಡದಲ್ಲಿ ಪ್ರವಾಸಸಾಹಿತ್ಯ ಹುಲುಸಾಗಿ ಬೆಳೆದಿದೆ. ಸಮುದ್ರ ದಾಟಿದ ನಮ್ಮ ಲೇಖಕರು ಅಲ್ಲಿಯ ಚಳಿ, ಊಟ, ವಸ್ತುಸಂಗ್ರಹಾಲಯ, ನಾಟಕಶಾಲೆ, ಜನರ ಶಿಸ್ತು ಎಲ್ಲವನ್ನೂ ವರ್ಣಿಸಿದ್ದಾರೆ. ಆದರೆ ಆ ಬೀದಿಗಳಲ್ಲಿ ಅವರನ್ನು ಹೊತ್ತು ನಡೆದ ಕಾಲಿನ ಮಾತು ಮಾತ್ರ ಅಪರೂಪ. ಎ. ಎನ್. ಮೂರ್ತಿರಾಯರು ತಮ್ಮ ಗ್ರಂಥಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಹೆಸರಿಟ್ಟಾಗ, ಯಾತ್ರಿಕನಿಗೂ ಒಂದು ದೇಹವುಂಟು, ಆ ದೇಹಕ್ಕೆ ವಯಸ್ಸುಂಟು ಎಂಬುದನ್ನು ಮುಖಪುಟದಲ್ಲಿಯೇ ಒಪ್ಪಿಕೊಂಡರು. ಮಿಕ್ಕವರ ಬರವಣಿಗೆಯಲ್ಲಿ ಯಾತ್ರಿಕನೆಂದರೆ ಎರಡು ಕಣ್ಣು ಮತ್ತು ಒಂದು ಲೇಖನಿ.

ಕಳೆದ ವರ್ಷ ಮೂರು ವಾರ ಲಂಡನ್ನಿನಲ್ಲಿರುವ ಅವಕಾಶ ನನಗೆ ಒದಗಿತು. ಬ್ರಿಟಿಷ್ ಲೈಬ್ರರಿಯಲ್ಲಿರುವ ಹಳೆಯ ಕನ್ನಡ ಮುದ್ರಿತ ಪುಸ್ತಕಗಳನ್ನು ನೋಡುವುದು ನನ್ನ ಉದ್ದೇಶ. ಹೊರಡುವುದಕ್ಕೆ ಎಂಟು ದಿನ ಮುಂಚೆ ಬಲಗಾಲಿನ ಹರಡು ಉಳುಕಿತು. ಮೂಳೆ ಮುರಿದಿರಲಿಲ್ಲ, ಕೀಲಿನ ಕಟ್ಟು ಎಳೆದಿತ್ತು. ವೈದ್ಯರು ಪಟ್ಟಿ ಸುತ್ತಿ, ಕೈಗೊಂದು ಊರುಗೋಲು ಕೊಟ್ಟು, ಹೋಗಬಹುದೆಂದರು. ಹೊಸದಾಗಿ ಪ್ಲಾಸ್ಟರು ಹಾಕಿಸಿಕೊಂಡವರು ಮೊದಲ ಒಂದೆರಡು ದಿನ ವಿಮಾನ ಹತ್ತಬಾರದಂತೆ. ಹಾರಾಟದಲ್ಲಿ ಕಾಲು ಊದಿಕೊಳ್ಳುತ್ತದೆ, ಗಟ್ಟಿಯಾದ ಪ್ಲಾಸ್ಟರು ಊತಕ್ಕೆ ಜಾಗ ಕೊಡುವುದಿಲ್ಲ. ನನಗೆ ಆ ತೊಡಕಿರಲಿಲ್ಲ. ಆದರೆ ಹತ್ತು ಗಂಟೆ ಕಾಲು ಇಳಿಬಿಟ್ಟು ಕುಳಿತರೆ ರಕ್ತ ಹೆಪ್ಪುಗಟ್ಟುವ ಭಯವುಂಟು, ಆಗಾಗ ಪಾದವನ್ನು ಆಡಿಸುತ್ತಿರಬೇಕು, ನೀರು ಕುಡಿಯುತ್ತಿರಬೇಕು ಎಂದು ಎಚ್ಚರಿಸಿದರು. ಇದು ದೊಡ್ಡ ಪೆಟ್ಟೇನೂ ಅಲ್ಲ. ಒಂದು ತಿಂಗಳಲ್ಲಿ ವಾಸಿಯಾಯಿತು. ವಾಸಿಯಾದ ಕಾಲಿನ ಕಥೆ ಹೇಳುವುದಕ್ಕೆ ನಾನು ಕುಳಿತಿಲ್ಲ. ಆ ಒಂದು ತಿಂಗಳು ನನ್ನನ್ನು ಸೇರಿಸಿದ ಸಾಲಿನ ಮಾತನ್ನು ಹೇಳಬೇಕಾಗಿದೆ.

ವಿಮಾನಯಾನದ ಲೋಕದಲ್ಲಿ ಗಾಲಿಕುರ್ಚಿ ಕೇಳುವವರನ್ನು ಮೂರು ವರ್ಗ ಮಾಡಿದ್ದಾರೆ. ಮೆಟ್ಟಿಲು ಹತ್ತಬಲ್ಲರು, ಆದರೆ ದೂರ ನಡೆಯಲಾರರು ಎಂಬುವರದು ಒಂದು ವರ್ಗ. ಮೆಟ್ಟಿಲನ್ನು ಹತ್ತಲಾರರು, ಆದರೆ ವಿಮಾನದೊಳಗೆ ತಮ್ಮ ಆಸನದವರೆಗೆ ಹೋಗಬಲ್ಲರು ಎಂಬುವರದು ಎರಡನೆಯದು. ಒಂದು ಹೆಜ್ಜೆಯನ್ನೂ ಇಡಲಾರದವರದು ಮೂರನೆಯದು. ಒಂದೊಂದಕ್ಕೂ ನಾಲ್ಕು ಇಂಗ್ಲಿಷ್ ಅಕ್ಷರಗಳ ಸಂಕೇತ. ಅದರ ಕೊನೆಯ ಅಕ್ಷರ ಇಳಿಜಾರು, ಮೆಟ್ಟಿಲು, ವಿಮಾನದ ಒಳಾಂಗಣ ಇವುಗಳಲ್ಲಿ ಒಂದನ್ನು ಸೂಚಿಸುತ್ತದೆ. ವ್ಯಾಕರಣ ಓದಿದವನಿಗೆ ಈ ವಿಭಾಗ ಹಿಡಿಸಿತು. ನಮ್ಮ ‘ಕುಂಟ’ ಎಂಬ ಶಬ್ದ ಮನುಷ್ಯನ ಕಾಲನ್ನು ಬೆರಳಿಟ್ಟು ತೋರಿಸುತ್ತದೆ. ಈ ಸಂಕೇತಗಳು ಕಾಲನ್ನು ಹೆಸರಿಸುವುದೇ ಇಲ್ಲ. ಅವನ ಎದುರಿಗೆ ಎಲ್ಲಿ ಅಡ್ಡಿ ಬರುತ್ತದೆಯೋ ಆ ಸ್ಥಳವನ್ನು ಹೆಸರಿಸುತ್ತವೆ. ಅಡ್ಡಿ ಇರುವುದು ದೇಹದಲ್ಲಿಯೇ, ಕಟ್ಟಡದಲ್ಲಿಯೇ ಎಂಬ ಪ್ರಶ್ನೆಗೆ ಅಲ್ಲಿ ಅರ್ಧ ಉತ್ತರವಿದೆ.

ಉಳಿದರ್ಧವನ್ನು ನನಗೆ ತಿಳಿಸಿದವರು ಮಂಡ್ಯದ ಕಡೆಯ ಒಬ್ಬ ತಾಯಿ. ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಗಾಲಿಕುರ್ಚಿಗಳ ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದರು. ವಯಸ್ಸು ಅರವತ್ತರ ಮೇಲೆ. ಮಗಳ ಬಾಣಂತನಕ್ಕೆಂದು ಒಬ್ಬರೇ ಹೊರಟಿದ್ದರು. ನನ್ನ ಪಟ್ಟಿ ನೋಡಿ ಮರುಗಿದರು. ‘ನಿಮ್ಮ ಕಾಲಿಗೆ ಏನಾಗಿದೆ ಅಮ್ಮಾ?’ ಎಂದು ಕೇಳಿದೆ.

‘ನನ್ನ ಕಾಲ್ಗೇನೂ ಆಗಿಲ್ಲ ಕಣಪ್ಪ. ಗದ್ದೆ ಬದೀನ ಮ್ಯಾಲೆ ನಡೆದ ಕಾಲು. ಆಗಿರೋದು ನಾಲ್ಗೆಗೆ. ಅವರ ಮಾತು ನಂಗೆ ಬರಾಕಿಲ್ಲ, ನನ್ನ ಮಾತು ಅವರಿಗೆ ಬರಾಕಿಲ್ಲ. ಇದ್ರಲ್ಲಿ ಕೂತ್ರೆ ತಳ್ಳೋನು ಬಾಗ್ಲು ಗಂಟ ಬಿಡ್ತಾನೆ ಅಂತ ನನ್ನ ಮಗಳು ಹೇಳವ್ಳೆ.’

ಇಂಥವರು ಅವರೊಬ್ಬರೇ ಅಲ್ಲ. ಹೊರದೇಶಗಳಲ್ಲಿ ನೆಲೆಸಿದ ಮಕ್ಕಳ ಬಳಿಗೆ ಹೋಗುವ ನಮ್ಮ ತಂದೆತಾಯಿಗಳಲ್ಲಿ ಅನೇಕರು ಗಾಲಿಕುರ್ಚಿ ಕೇಳುವುದು ಕಾಲಿನ ನೋವಿಗಲ್ಲ, ದಾರಿ ಬಲ್ಲ ಒಬ್ಬ ಮನುಷ್ಯನ ಜೊತೆಗಾಗಿ. ಕಾಲು ಗಟ್ಟಿಯಿದ್ದವರು ಕುರ್ಚಿ ಕೇಳುತ್ತಾರೆ, ನಿಜವಾಗಿ ಬೇಕಾದವರು ಕಾಯಬೇಕಾಗುತ್ತದೆ ಎಂದು ಆಕ್ಷೇಪಿಸುವವರುಂಟು. ಆಕ್ಷೇಪದಲ್ಲಿ ಸತ್ಯವೂ ಉಂಟು. ಆದರೆ ಬಾಯಿಲ್ಲದವರಿಗೆ ಬೇರೆ ಯಾವ ನೆರವೂ ಇಲ್ಲದ ಲೋಕದಲ್ಲಿ ಅವರು ಕಾಲಿನ ಹೆಸರು ಹೇಳದೆ ಇನ್ನೇನು ಮಾಡಬೇಕು?

ಸಾಂಖ್ಯದರ್ಶನದಲ್ಲಿ ಅಂಧಪಂಗುನ್ಯಾಯವೆಂಬುದೊಂದುಂಟು. ನಡೆಯಲಾರದ ಕುಂಟನು ಕಾಣಲಾರದ ಕುರುಡನ ಹೆಗಲೇರಿ ದಾರಿ ತೋರುತ್ತಾನೆ. ಇಬ್ಬರೂ ಗುರಿ ಮುಟ್ಟುತ್ತಾರೆ. ಅಲ್ಲಿ ಉಪಕಾರ ಮಾಡಿದವನು ಯಾರು, ಪಡೆದವನು ಯಾರು ಎಂದು ಹೇಳಲು ಬಾರದು. ಲಂಡನ್ನಿನಲ್ಲಿ ಇಳಿದಾಗ ಆ ತಾಯಿ ನನ್ನ ಚೀಲವನ್ನು ತಮ್ಮ ಮಡಿಲಲ್ಲಿಟ್ಟುಕೊಂಡರು. ನಾನು ಅವರ ಪರವಾಗಿ ಅಧಿಕಾರಿಗೆ ಉತ್ತರ ಹೇಳಿದೆ. ಎಷ್ಟು ದಿನ ಇರುವಿರಿ ಎಂದು ಆತ ಕೇಳಿದ್ದಕ್ಕೆ ‘ಮಗೀಗೆ ಕತ್ತು ನಿಲ್ಲೋ ಗಂಟ’ ಎಂದರು. ನಾನು ಅದನ್ನು ‘ಮೂರು ತಿಂಗಳು’ ಎಂದು ಅನುವಾದಿಸಿದೆ.

ಗೀತಾಧ್ಯಾನದ ಪ್ರಸಿದ್ಧ ಶ್ಲೋಕವೊಂದು ಮೂಕನನ್ನೂ ಕುಂಟನನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತದೆ. ಭಗವಂತನ ಕೃಪೆಯಾದರೆ ಒಬ್ಬನು ಮಾತುಗಾರನಾದಾನು, ಇನ್ನೊಬ್ಬನು ಗಿರಿಯನ್ನು ದಾಟಿಯಾನು ಎಂಬುದು ಅದರ ಭಾವ. ಭಕ್ತಿಯ ಲೋಕದಲ್ಲಿ ಅದಕ್ಕಿಂತ ಹಿರಿದಾದ ಮಾತಿಲ್ಲ. ಆದರೆ ಪೌರಜೀವನದಲ್ಲಿಯೂ ನಾವು ಇವರಿಬ್ಬರನ್ನು ಕೃಪೆಗೇ ಬಿಟ್ಟುಬಿಟ್ಟಿದ್ದೇವೆ ಎಂಬುದು ನನ್ನ ಆಕ್ಷೇಪ. ಕೃಪೆ ಬೇರೆ, ವ್ಯವಸ್ಥೆ ಬೇರೆ. ಇವೆರಡರ ಅಂತರವನ್ನು ಲಂಡನ್ ನನಗೆ ಎರಡೂ ಕಡೆಯಿಂದ ತೋರಿಸಿತು.

ಆ ನಗರ ಕುಂಟುವವರ ಸ್ವರ್ಗವೆಂದು ಯಾರೂ ಭಾವಿಸಬೇಕಾಗಿಲ್ಲ. ಅಲ್ಲಿಯ ನೆಲದಡಿಯ ರೈಲು ಆರಂಭವಾದದ್ದು 1863ರಲ್ಲಿ. ಅದನ್ನು ಕಟ್ಟಿದವರು ಗಟ್ಟಿಗಾಲಿನವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದರು. ಇಂದಿಗೂ ಅದರ 272 ನಿಲ್ದಾಣಗಳಲ್ಲಿ ಸುಮಾರು ಮೂರರಲ್ಲೊಂದು ಪಾಲಿನಲ್ಲಿ ಮಾತ್ರ ಮೆಟ್ಟಿಲು ತುಳಿಯದೆ ಹೋಗಿಬರಬಹುದು. ಕೋವೆಂಟ್ ಗಾರ್ಡನ್ ನಿಲ್ದಾಣದಲ್ಲಿ ಲಿಫ್ಟನ್ನು ಬಿಟ್ಟು ಸುರುಳಿ ಮೆಟ್ಟಿಲು ಹಿಡಿದರೆ 193 ಮೆಟ್ಟಿಲು. 1911ರಲ್ಲಿ ಅರ್ಲ್ಸ್ ಕೋರ್ಟ್ ನಿಲ್ದಾಣಕ್ಕೆ ಮೊದಲ ಚಲಿಸುವ ಮೆಟ್ಟಿಲು ಬಂದಾಗ, ಹೆದರಿದ ಜನಕ್ಕೆ ಧೈರ್ಯ ತುಂಬಲು ಮರದ ಕಾಲಿನ ಹ್ಯಾರಿಸ್ ಎಂಬಾತ ಅದರ ಮೇಲೆ ಏರಿಳಿದು ತೋರಿಸಿದನೆಂಬ ಕಥೆಯೊಂದುಂಟು. ಕಥೆ ನಿಜವೋ ಕಟ್ಟಿದ್ದೋ ಎಂಬ ವಿವಾದವೂ ಉಂಟು. ಅದೇನೇ ಇರಲಿ, ಮರದ ಕಾಲಿನವನನ್ನು ಪ್ರದರ್ಶನಕ್ಕೆ ಕರೆದ ವ್ಯವಸ್ಥೆ, ಅವನಂಥವರಿಗೆಂದು ಆ ನಿಲ್ದಾಣಗಳನ್ನು ತಿದ್ದಲು ಬಹುಕಾಲ ತೆಗೆದುಕೊಂಡಿತು. 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದಲ್ಲಾದರೋ ಯಾವ ನಿಲ್ದಾಣದಲ್ಲಿಯೂ ಬೀದಿಯಿಂದ ರೈಲಿನ ಕಟ್ಟೆಯವರೆಗೆ ಮೆಟ್ಟಿಲು ತುಳಿಯಬೇಕಾಗಿಲ್ಲ.

ನಾನು ನೆಚ್ಚಿಕೊಂಡದ್ದು ಬಸ್ಸನ್ನು. ಅಲ್ಲಿಯ ಬಸ್ಸು ನಿಲ್ದಾಣಕ್ಕೆ ಬಂದೊಡನೆ ನೆಲವನ್ನು ತಗ್ಗಿಸಿ ಫುಟ್‌ಪಾತಿನ ಕಡೆಗೆ ಬಾಗುತ್ತದೆ. ಗಾಲಿಕುರ್ಚಿಯವರಿದ್ದರೆ ಅದರ ಹೊಟ್ಟೆಯಿಂದ ಒಂದು ಹಲಗೆ ಹೊರಬಂದು ಸೇತುವೆಯಾಗುತ್ತದೆ. ಥೇಮ್ಸ್ ನದಿಯ ಆಲ್ಬರ್ಟ್ ದಂಡೆಯಲ್ಲಿ 2015ರ ನವೆಂಬರಿನಲ್ಲಿ ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯನ್ನು ನೋಡಲು ನಾನು ಹೋದದ್ದು ಹೀಗೆಯೇ. ಯಾರ ಕೈಯನ್ನೂ ಹಿಡಿಯಲಿಲ್ಲ. ಯಾರಿಗೂ ಕೃತಜ್ಞತೆ ಹೇಳಬೇಕಾಗಲಿಲ್ಲ. ದಂಡೆಯ ಬೆಂಚುಗಳಲ್ಲಿ ಕೆಲವು ಮಾತ್ರ ಎತ್ತರದ ಪೀಠದ ಮೇಲಿದ್ದು, ಕೂರಬೇಕೆಂದವರು ಮೊದಲು ಹತ್ತಬೇಕಾಗಿತ್ತು.

ಆ ಹಲಗೆ ಆಂಗ್ಲರ ಸಜ್ಜನಿಕೆಯಿಂದ ತಾನಾಗಿ ಹುಟ್ಟಿದ್ದೆಂದು ತಿಳಿದರೆ ತಪ್ಪಾದೀತು. 1990ರ ದಶಕದಲ್ಲಿ ಅಲ್ಲಿಯ ಅಂಗವಿಕಲರು ಬೀದಿಗಿಳಿದರು; ತಾವು ಹತ್ತಲಾಗದ ಬಸ್ಸುಗಳಿಗೆ ಕೈಕೋಳದಿಂದ ತಮ್ಮನ್ನು ಬಿಗಿದುಕೊಂಡು ಅವು ಚಲಿಸದಂತೆ ಮಾಡಿದರು. ‘ನಮಗೆ ಮರುಕ ಬೇಡ, ಹಕ್ಕು ಬೇಕು’ ಎಂಬುದು ಅವರ ವಾದದ ತಿರುಳು. 1995ರಲ್ಲಿ ಕಾನೂನು ಬಂತು. ಅನಂತರದ ಹತ್ತು ವರ್ಷಗಳಲ್ಲಿ ಲಂಡನ್ನಿನ ಬಸ್ಸುಗಳು ತಗ್ಗು ನೆಲದವಾದವು. ಹೋರಾಡಿದವರು ಹೋರಾಡಿದ್ದರಿಂದ, ಮೂರು ವಾರದ ಅತಿಥಿಯಾದ ನನ್ನ ಉಳುಕಿದ ಕಾಲಿಗೂ ಅದರ ಫಲ ದಕ್ಕಿತು. ವ್ಯವಸ್ಥೆಯ ಗುಣವೇ ಅದು: ಯಾರ ಕಾಲು, ಯಾವ ದೇಶದ ಕಾಲು ಎಂದು ಅದು ಕೇಳುವುದಿಲ್ಲ.

ಹಾಗೆಂದು ನಮ್ಮಲ್ಲಿಯ ಹೃದಯವಂತಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಬಸ್ಸಿನಲ್ಲಿ ಊರುಗೋಲು ಕಂಡರೆ ನಾಲ್ಕು ಜನ ಏಳುತ್ತಾರೆ. ‘ಕೂತ್ಕೊಳ್ಳಿ ಸ್ವಾಮಿ’ ಎಂದು ಜಾಗ ಕೊಟ್ಟು, ಯಾವ ಎಣ್ಣೆ ಹಚ್ಚಬೇಕು, ಯಾವ ಊರಿನಲ್ಲಿ ಒಳ್ಳೆಯ ನಾಟಿವೈದ್ಯರಿದ್ದಾರೆ ಎಂಬುದನ್ನೂ ಹೇಳುತ್ತಾರೆ. ಲಂಡನ್ನಿನ ರೈಲಿನಲ್ಲಿ ಎಲ್ಲರ ಕಣ್ಣೂ ಕೈಯಲ್ಲಿಯ ಫೋನಿನ ಮೇಲೆ. ಹೊರಗೆ ಕಾಣದ ನೋವಿರುವವರು ‘ದಯವಿಟ್ಟು ನನಗೆ ಜಾಗ ಕೊಡಿ’ ಎಂಬರ್ಥದ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳುವ ಪದ್ಧತಿಯನ್ನು ಅಲ್ಲಿಯ ಸಾರಿಗೆಯವರು 2017ರಲ್ಲಿ ಜಾರಿಗೆ ತರಬೇಕಾಯಿತು. ಮಾತಿನಲ್ಲಿ ಆಗಬೇಕಾದ್ದು ಬಿಲ್ಲೆಯಿಂದ ಆಗುವುದು ನಮಗೆ ವಿಚಿತ್ರವೆನಿಸೀತು. ಆದರೆ ಯೋಚಿಸಬೇಕಾದ ಅಂಶವೊಂದಿದೆ. ನನ್ನ ಉಳುಕು ಮೂವತ್ತು ದಿನದ್ದು. ಮೂವತ್ತು ದಿನ ಜನರ ಮರುಕವನ್ನು ಪಡೆಯುವುದು ಹಿತವಾಗಿಯೇ ಇರುತ್ತದೆ. ಅದನ್ನೇ ಮೂವತ್ತು ವರ್ಷ, ದಿನಕ್ಕೆ ಹತ್ತು ಸಲ, ಪ್ರತಿಯೊಂದು ಮೆಟ್ಟಿಲ ಬುಡದಲ್ಲಿ ನಿಂತು ಪಡೆಯಬೇಕಾದವರ ಸ್ಥಿತಿಯೇನು? ಅವರು ಒಳ್ಳೆಯವರಾಗಿರಬೇಕು, ನಗುಮುಖದವರಾಗಿರಬೇಕು, ಪ್ರತಿ ಸಲವೂ ಕೃತಜ್ಞರಾಗಿರಬೇಕು. ಮುಂಗೋಪಿಯಾಗಿರುವ ಸ್ವಾತಂತ್ರ್ಯ ಗಟ್ಟಿಗಾಲಿನವರಿಗೆ ಮಾತ್ರ.

ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತಾರೆ. ಕಲ್ಲುಬೆಟ್ಟಕ್ಕೆ ಡೋಲಿಯೇ ಸರಿ. ಅದನ್ನು ಯಾರೂ ಕಟ್ಟಿಸಿದ್ದಲ್ಲ. ಆದರೆ ಶಾಲೆ, ಕಚೇರಿ, ಬ್ಯಾಂಕು, ಗ್ರಂಥಾಲಯಗಳು ಬೆಟ್ಟಗಳಲ್ಲ. ಅವುಗಳ ಒಂದೊಂದು ಮೆಟ್ಟಿಲನ್ನೂ ಯಾರೋ ನಕ್ಷೆ ಬರೆದು, ಯಾರೋ ರುಜು ಹಾಕಿ, ನಮ್ಮ ಹಣದಿಂದಲೇ ಕಟ್ಟಿಸಿದ್ದಾರೆ.

ಕಾನೂನಿಗೇನೂ ಕೊರತೆಯಿಲ್ಲ. ಬ್ರಿಟನ್ನಿನಲ್ಲಿ ಕಾನೂನು ಬಂದ 1995ರಲ್ಲಿಯೇ ನಮ್ಮ ಪಾರ್ಲಿಮೆಂಟೂ ಅಂಗವಿಕಲರ ಕಾಯಿದೆಯನ್ನು ಅಂಗೀಕರಿಸಿತು. ಇದು ನೆನಪಿಡತಕ್ಕ ಸಂಗತಿ. 2016ರಲ್ಲಿ ಇನ್ನೂ ವಿಸ್ತಾರವಾದ ಕಾಯಿದೆ ಬಂತು. ಕಟ್ಟಡಗಳನ್ನು ಕುರಿತ ನಿಯಮ ಕೇವಲ ಸಲಹೆಯ ರೂಪದಲ್ಲಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ತೀರ್ಪಿತ್ತಿತು. 2011ರ ಜನಗಣತಿಯಂತೆ ದೇಶದಲ್ಲಿ 2.68 ಕೋಟಿ, ಕರ್ನಾಟಕವೊಂದರಲ್ಲಿಯೇ ಸುಮಾರು 13 ಲಕ್ಷ ಅಂಗವಿಕಲರಿದ್ದರು. ಮುಪ್ಪಿನವರು, ಗರ್ಭಿಣಿಯರು, ನನ್ನಂತೆ ಕಾಲು ಉಳುಕಿದವರು ಈ ಲೆಕ್ಕಕ್ಕೆ ಸೇರಿಲ್ಲ. ಬದುಕಿದ್ದರೆ ಎಲ್ಲರೂ ಒಂದು ದಿನ ಸೇರಬೇಕಾದ ಸಾಲು ಅದು.

ಬ್ರಿಟಿಷ್ ಲೈಬ್ರರಿಯ ಮಾತನ್ನು ಹೇಳಿ ಮುಗಿಸುತ್ತೇನೆ. ಅಲ್ಲಿಯ ಕನ್ನಡ ಪುಸ್ತಕಗಳ ಪಟ್ಟಿಯನ್ನು ಬಾರ್ನೆಟ್ ಎಂಬ ವಿದ್ವಾಂಸರು ತಯಾರಿಸಿ 1910ರಲ್ಲಿ ಪ್ರಕಟಿಸಿದ್ದಾರೆ. ಆಗ ಅವು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದವು. ಅಲ್ಲಿ ಓದುಗನು ಕಪಾಟಿನ ಬಳಿಗೆ ಹೋಗುವಂತಿಲ್ಲ. ಚೀಟಿ ಕೊಟ್ಟರೆ ಪುಸ್ತಕವೇ ಓದುವ ಕೋಣೆಗೆ ಬರುತ್ತದೆ. ಆ ನಿಯಮದ ಮುಂದೆ ಗಟ್ಟಿಗಾಲಿನವರೂ ಕುಂಟುಗಾಲಿನವರೂ ಒಂದೇ. ಲಿಫ್ಟಿನಲ್ಲಿ ಮೇಲೇರಿ, ಊರುಗೋಲನ್ನು ಮೇಜಿಗೆ ಒರಗಿಸಿ, ಕಾಲನ್ನು ಮರೆತು ನಾನು ಓದಿದ್ದು ಅಲ್ಲಿಯೇ.

ನಮ್ಮ ಕಾಲೇಜಿನ ಗ್ರಂಥಾಲಯ ಮೊದಲ ಮಹಡಿಯಲ್ಲಿದೆ, ಇಪ್ಪತ್ತೆರಡು ಮೆಟ್ಟಿಲು. ಬಿ.ಎ. ತರಗತಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ಹುಡುಗಿಯೊಬ್ಬಳು ಎಳವೆಯಿಂದಲೂ ಎರಡು ಊರುಗೋಲಿನ ಮೇಲೆ ನಡೆಯುವವಳು. ಸಹಪಾಠಿಗಳು ಒಳ್ಳೆಯವರು, ಅವಳು ಹೆಸರು ಬರೆದುಕೊಟ್ಟ ಪುಸ್ತಕವನ್ನು ತಂದುಕೊಡುತ್ತಾರೆ. ಆದರೆ ಒಂದು ಪುಸ್ತಕವನ್ನು ಹುಡುಕುತ್ತ ಹೋಗಿ, ಅದರ ಪಕ್ಕದಲ್ಲಿದ್ದ, ಹೆಸರೇ ಕೇಳಿರದ ಇನ್ನೊಂದನ್ನು ಎಳೆದು, ನಿಂತಲ್ಲಿಯೇ ಹತ್ತು ಪುಟ ಓದುವ ಸುಖ ಅವಳಿಗೆ ಸಿಕ್ಕಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ತಯಾರಾಗುವುದು ಬಹುಮಟ್ಟಿಗೆ ಹಾಗೆಯೇ ಎಂಬುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಗ್ರಂಥಾಲಯವನ್ನು ಕೆಳಗಿನ ಅಂತಸ್ತಿಗೆ ತರಬೇಕೆಂದು ನಮ್ಮ ವಿಭಾಗದಿಂದ ಕೊಟ್ಟ ಮನವಿಗೆ ಎರಡು ವರ್ಷವಾಯಿತು. ಕೆಳಗೆ ಈಗ ಕಚೇರಿಯಿದೆ. ಕಚೇರಿಯವರಿಗೆ ಮೆಟ್ಟಿಲು ಹತ್ತುವುದು ಕಷ್ಟವಂತೆ.

ಓದುಗರಲ್ಲಿ ಅಧ್ಯಾಪಕರಾಗಿರುವವರು ನಾಳೆ ಸೋಮವಾರ ತಮ್ಮ ಸಂಸ್ಥೆಯ ಗ್ರಂಥಾಲಯಕ್ಕೆ ಎಷ್ಟು ಮೆಟ್ಟಿಲೆಂದು ಒಮ್ಮೆ ಎಣಿಸಿ ನೋಡಲಿ. ಅವುಗಳ ಬುಡದಲ್ಲಿ ಯಾರಾದರೂ ನಿಂತಿದ್ದರೆ, ಅವರಿಗೆ ಯಾವ ಪುಸ್ತಕ ಬೇಕೆಂದು ಕೇಳಿ ತಂದುಕೊಡುವುದು ಒಳ್ಳೆಯ ಕೆಲಸವೇ. ಆದರೆ ಕೆಲಸ ಅಲ್ಲಿಗೇ ಮುಗಿಯಿತೆಂದು ತಿಳಿಯಬಾರದು. ಈ ಹುಡುಗಿ ಪದವಿ ಮುಗಿಸುವುದಕ್ಕೆ ಇನ್ನು ಒಂದೇ ವರ್ಷ ಉಳಿದಿದೆ.