ನಡುವಯಸ್ಸಿನ ತಲೆಸುತ್ತು ಮತ್ತು ಮರೆವು

ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಹಾಸಿಗೆಯಿಂದೇಳುವಾಗ ತಲೆ ತಿರುಗುವುದೆಂದೂ, ಪರಿಚಿತರ ಹೆಸರು ನಾಲಗೆಯ ತುದಿಗೆ ಬಂದು ನಿಂತುಬಿಡುವುದೆಂದೂ ಹೇಳಿಕೊಂಡರೆ, ಅದನ್ನು ಪಿತ್ತವೆಂದೋ ವಾರ್ಧಕ್ಯದ ಮುನ್ಸೂಚನೆಯೆಂದೋ ಬಗೆದು ಸುಮ್ಮನಾಗುವ ನಮ್ಮ ರೂಢಿ ಅಪಾಯಕರವಾದುದೆಂದು ನಾನು ದೃಢವಾಗಿ ನಂಬಿದ್ದೇನೆ. ರಕ್ತದೊತ್ತಡದ ಗುಳಿಗೆಗಳ ಅತಿಪ್ರಭಾವ, ಒಳಗಿವಿಯ ದೋಷ, ಥೈರಾಯ್ಡ್ ಗ್ರಂಥಿಯ ಮಾಂದ್ಯ, ನಿದ್ರಾಭಂಗ, ಖಿನ್ನತೆ ಮುಂತಾಗಿ ಕಾರಣಗಳು ಹಲವು. ಮಾತು ತೊದಲಿ, ಮುಖ ಸೊಟ್ಟಗಾಗಿ, ಹಠಾತ್ತನೆ ತಲೆಸುತ್ತಿದರಂತೂ ಆಸ್ಪತ್ರೆಗೆ ಧಾವಿಸುವುದೊಂದೇ ದಾರಿ.

ಆದರೆ ಶಾಕಾಹಾರವನ್ನು ಕುಲಧರ್ಮವಾಗಿ ಪಾಲಿಸುವ ಮನೆಗಳಲ್ಲಿ ಮರೆಯದೆ ಶಂಕಿಸಬೇಕಾದುದು ಬಿ-12 ಜೀವಸತ್ತ್ವದ ಕೊರತೆಯನ್ನು. 1948ರಲ್ಲಿ ಪ್ರತ್ಯೇಕಿಸಲ್ಪಟ್ಟ ಈ ಸತ್ತ್ವವು ಸೊಪ್ಪು, ಕಾಳು, ಧಾನ್ಯಗಳಲ್ಲಿ ದೊರೆಯದು. ಹಾಲು ಮೊಸರುಗಳಲ್ಲಿ ಅಲ್ಪವಾಗಿದೆ. ಯಕೃತ್ತು ಹಲವು ವರ್ಷಗಳಿಗಾಗುವಷ್ಟನ್ನು ಸಂಚಯಿಸಿಟ್ಟಿರುವುದರಿಂದ ಕೊರತೆಯು ಬಹುಕಾಲ ಅಗೋಚರವಾಗಿದ್ದು, ನರತಂತುಗಳ ಕವಚ ಸವೆದು, ಪಾದಗಳು ಜೋಮು ಹಿಡಿದು, ಕತ್ತಲಲ್ಲಿ ಹೆಜ್ಜೆ ತಪ್ಪಿ, ಸ್ಮೃತಿ ಮಸುಳಿದ ಮೇಲೆಯೇ ಅನೇಕರಲ್ಲಿ ಪ್ರಕಟವಾಗುತ್ತದೆ. ಮಧುಮೇಹಿಗಳು ಸೇವಿಸುವ ಮೆಟ್‌ಫಾರ್ಮಿನ್ನೂ, ಆಮ್ಲವನ್ನಡಗಿಸಲು ವರ್ಷಗಟ್ಟಲೆ ನುಂಗುವ ಮಾತ್ರೆಗಳೂ ಅದರ ಹೀರಿಕೆಯನ್ನು ಕುಗ್ಗಿಸುತ್ತವೆ. ಈ ಕೊರತೆಯಿಂದುಂಟಾಗುವ ರಕ್ತಹೀನತೆ ಕಾಣಲಿಲ್ಲವೆಂದ ಮಾತ್ರಕ್ಕೆ ವೈದ್ಯರೂ ನಿಶ್ಚಿಂತರಾಗಲಾಗದು. ಏಕೆಂದರೆ ಫೋಲಿಕ್ ಆಮ್ಲವು ರಕ್ತವನ್ನು ಸರಿಪಡಿಸಿ ನರಗಳ ಹಾನಿಯನ್ನು ಮರೆಮಾಚಬಲ್ಲುದು.

ರಕ್ತಪರೀಕ್ಷೆಯಿಂದ ತಿಳಿಯಬಹುದಾದ, ಸೂಜಿಮದ್ದಿನಿಂದಲೋ ಗುಳಿಗೆಯಿಂದಲೋ ತಿದ್ದಬಹುದಾದ ಈ ನ್ಯೂನತೆಯನ್ನು ತಡವಾಗಿ ಗುರುತಿಸಿದರೆ ನಷ್ಟವು ಪೂರ್ಣವಾಗಿ ತುಂಬಿಬಾರದು. ಆದುದರಿಂದ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಬಹುಕಾಲದಿಂದ ಮೆಟ್‌ಫಾರ್ಮಿನ್ ಸೇವಿಸುತ್ತಿರುವವರಿಗಾದರೂ, ಈ ಪರೀಕ್ಷೆ ಉಚಿತವಾಗಿ ದೊರೆಯುವಂತೆ ಸರಕಾರವು ಏರ್ಪಡಿಸತಕ್ಕದ್ದು.